ತಂಗಿಯ ಮದುವೆಗೆ ಬಯೋಡೇಟಾ: ಪಂಗಡ, ಮಾತೃಭಾಷೆ, ನಿಂತುಹೋದ ನಿಶ್ಚಿತಾರ್ಥ ಇವನ್ನೆಲ್ಲ ಹೇಗೆ ಬರೆಯಬೇಕು?

ಪ್ರಶ್ನೆ: ವಿರಾಜಪೇಟೆಯ ಅಣ್ಣ

ಎಲ್ಲರಿಗೂ ವಂದನೆಗಳು. ನನ್ನ ತಂಗಿಗೆ ಸಂಬಂಧ ನೋಡುತ್ತಿದ್ದೇವೆ. ಅವಳಿಗೆ ಈಗ 27 ವರ್ಷ, ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುತ್ತಿದ್ದಾಳೆ. ತಂದೆಯವರು ಈಗ ನಮ್ಮೊಂದಿಗಿಲ್ಲದ ಕಾರಣ ಬಯೋಡೇಟಾ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಕನ್ನಡದ ಮಾದರಿಗಳಲ್ಲಿ ಹೆಚ್ಚಿನವು ಗಣೇಶನ ಚಿತ್ರದಿಂದ ಆರಂಭವಾಗಿ ಗೋತ್ರ, ರಾಶಿ, ನಕ್ಷತ್ರಗಳ ಕಡೆಗೆ ಹೋಗುತ್ತವೆ. ಅವನ್ನು ತೆಗೆದುಹಾಕಿದರೆ ಎತ್ತರ, ಮೈಬಣ್ಣ, ಸಂಬಳ ಇಷ್ಟೇ ಉಳಿಯುತ್ತವೆ. ಕೇರಳದ ಕಡೆಯ ಇಂಗ್ಲಿಷ್ ಮಾದರಿಗಳು ಚೆನ್ನಾಗಿದ್ದರೂ ನಮ್ಮ ಮನೆಯ ಸ್ಥಿತಿಗೆ ಹೊಂದುವುದಿಲ್ಲ.

ನಮ್ಮ ತಂದೆಯ ಕಡೆಯವರು ಮಂಗಳೂರು ಮೂಲದ, ಕೊಂಕಣಿ ಮಾತನಾಡುವ ಕಥೋಲಿಕರು. ಅಜ್ಜ ಕಾಫಿ ತೋಟವೊಂದಕ್ಕೆ ರೈಟರ್ (ಲೆಕ್ಕಪತ್ರ ನೋಡುವವರು) ಆಗಿ ಕೊಡಗಿಗೆ ಬಂದವರು. ತಾಯಿಯ ಕಡೆಯವರು ಕೇರಳದ ಇರಿಟ್ಟಿಯ, ಸೀರೋ ಮಲಬಾರ್ ಎಂಬ ಕಥೋಲಿಕ ಪಂಗಡದ ಕುಟುಂಬ. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ. ನಾವಿಬ್ಬರೂ ದೀಕ್ಷಾಸ್ನಾನ ಪಡೆದದ್ದು ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದಲ್ಲಿ. ಹೀಗಿರುವಾಗ ‘ಪಂಗಡ’ ಎಂಬ ಕಡೆ ಏನು ಬರೆಯಬೇಕು, ‘ಮಾತೃಭಾಷೆ’ ಎಂಬ ಕಡೆ ಏನು ಬರೆಯಬೇಕು ಎಂಬುದೇ ಮೊದಲ ಗೊಂದಲ. ಮಂಗಳೂರಿನ ಸಂಬಂಧಿಕರು ಕೊಂಕಣಿ ಎಂದು ಬರೆಯಲು ಹೇಳುತ್ತಾರೆ. ತಂಗಿಗೆ ಕೊಂಕಣಿ ಅರ್ಥವಾಗುತ್ತದೆಯೇ ಹೊರತು ಸರಿಯಾಗಿ ಮಾತನಾಡಲು ಬರುವುದಿಲ್ಲ.

ಎರಡನೆಯದು ಸ್ವಲ್ಪ ಸೂಕ್ಷ್ಮವಾದ ವಿಷಯ. ಹಿಂದೆ ಒಂದು ಕಡೆ ನಿಶ್ಚಿತಾರ್ಥವಾಗಿ, ದೇವಾಲಯದಲ್ಲಿ ವಿವಾಹದ ಪ್ರಕಟಣೆ ಆಗುವ ಮೊದಲೇ ಎರಡೂ ಮನೆಯವರು ಮಾತನಾಡಿಕೊಂಡು ಅದನ್ನು ನಿಲ್ಲಿಸಿದೆವು. ಇದನ್ನು ಬಯೋಡೇಟಾದಲ್ಲಿ ನಮೂದಿಸಬೇಕೇ? ಮೂರನೆಯದಾಗಿ, ನಮಗೆ ಚಿಕ್ಕಪ್ಪನೊಂದಿಗೆ ಜಂಟಿಯಾಗಿ ಎರಡು ಎಕರೆ ರೊಬಸ್ಟಾ ತೋಟವಿದೆ. ‘ಕಾಫಿ ಬೆಳೆಗಾರರ ಕುಟುಂಬ’ ಎಂದು ಬರೆದರೆ ತೂಕ ಬರುತ್ತದೆ ಎಂದು ಸೋದರಮಾವ ಹೇಳುತ್ತಿದ್ದಾರೆ. ನನಗೆ ಅದು ಸರಿಯೆನಿಸುತ್ತಿಲ್ಲ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ಮಡಿಕೇರಿ ಹಿರಿಯರು

ತಮ್ಮಾ, ನಾನು ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ವಿವಾಹ ಸಿದ್ಧತಾ ಶಿಬಿರಗಳ ಕೆಲಸದಲ್ಲಿ ಕೈಜೋಡಿಸುವವನಾದ್ದರಿಂದ ಮದುವೆಗೆ ಮುನ್ನ ಫಾದರ್ ಅವರ ಮೇಜಿನ ಮೇಲೆ ಯಾವ ಯಾವ ಪ್ರಶ್ನೆಗಳು ಏಳುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಕೊನೆಗೆ ಕೇಳುವುದನ್ನು ಬಯೋಡೇಟಾದಲ್ಲಿ ಮೊದಲೇ ಹೇಳಿಬಿಟ್ಟರೆ ಎರಡೂ ಮನೆಯವರ ಶ್ರಮ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಂದಿನದೆಲ್ಲವನ್ನೂ ಆ ದೃಷ್ಟಿಯಿಂದಲೇ ಬರೆಯುತ್ತಿದ್ದೇನೆ.

ಪಂಗಡದ ವಿಷಯದಲ್ಲಿ ನಿಮಗೆ ಗೊಂದಲ ಬೇಡ. ತಂದೆ ಲ್ಯಾಟಿನ್ ವಿಧಿಯವರು (ವಿಧಿ ಎಂದರೆ ಧರ್ಮಸಭೆಯೊಳಗಿನ ಪೂಜಾ ಪರಂಪರೆ), ತಾಯಿ ಸೀರೋ ಮಲಬಾರ್ ವಿಧಿಯವರು, ಇಬ್ಬರೂ ಕಥೋಲಿಕರು ಎಂದಾದಾಗ, ತಾಯಿಯ ವಿಧಿಗೆ ಸೇರಿಸುವಂತೆ ಇಬ್ಬರೂ ಒಮ್ಮತದಿಂದ ಕೇಳಿಕೊಂಡಿರದಿದ್ದರೆ ಮಕ್ಕಳು ತಂದೆಯ ವಿಧಿಗೆ ಸೇರುತ್ತಾರೆ. ಆದ್ದರಿಂದ ‘ರೋಮನ್ ಕಥೋಲಿಕ, ಲ್ಯಾಟಿನ್ ವಿಧಿ’ ಎಂದು ಬರೆಯಿರಿ, ಅದರ ಕೆಳಗೆ ‘ಧರ್ಮಕೇಂದ್ರ: ಸಂತ ಅನ್ನಮ್ಮ ದೇವಾಲಯ, ವಿರಾಜಪೇಟೆ, ಮೈಸೂರು ಧರ್ಮಪ್ರಾಂತ್ಯ’ ಎಂದು ಬರಲಿ. ದೊಡ್ಡ ವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ, ನೆಲೆಗೊಂಡ ಧರ್ಮಕೇಂದ್ರವದು. ಮೈಸೂರಿನಿಂದ ಮಂಗಳೂರಿನವರೆಗೆ ಫಾದರ್‌ಗಳಿಗೆ ಹೆಸರು ಹೇಳಿದರೆ ಸಾಕು, ವಿಚಾರಿಸುವುದು ಅವರಿಗೆ ಸುಲಭ. ತಂಗಿ ಈಗ ಮೈಸೂರಿನಲ್ಲಿ ಯಾವ ದೇವಾಲಯದ ಬಲಿಪೂಜೆಗೆ ಹೋಗುತ್ತಾಳೆ ಎಂಬುದನ್ನೂ ಸೇರಿಸಿ. ಮನೆ ಬಿಟ್ಟು ದೂರದ ಊರಿನಲ್ಲಿರುವ ಮಕ್ಕಳ ಬಗ್ಗೆ ವರನ ಕಡೆಯವರು ಮೊದಲು ವಿಚಾರಿಸುವುದು ಅಲ್ಲಿಯೇ.

ಸೀರೋ ಮಲಬಾರ್ ವರ ಬಂದರೆ ಏನು ಎಂಬ ಸಂದೇಹವೂ ನಿಮ್ಮ ಮನಸ್ಸಿನಲ್ಲಿರಬಹುದು. ಇಬ್ಬರೂ ಕಥೋಲಿಕರಾದ್ದರಿಂದ ಧರ್ಮಸಭೆಯ ಲೆಕ್ಕದಲ್ಲಿ ಅದು ಮಿಶ್ರ ವಿವಾಹವಲ್ಲ. ಮದುವೆಯ ಸಮಯದಲ್ಲಾಗಲಿ ಆಮೇಲಾಗಲಿ ಗಂಡನ ವಿಧಿಗೆ ಸೇರುವುದಾಗಿ ಘೋಷಿಸುವ ಅವಕಾಶ ಅವಳಿಗಿದೆ, ಕಡ್ಡಾಯವಿಲ್ಲ. ಆದರೂ ಕೆಲವು ಮನೆಗಳು ಅದನ್ನು ನಿರೀಕ್ಷಿಸುತ್ತವೆ; ಅಂಥ ನಿರೀಕ್ಷೆ ಇದ್ದರೆ ಮೊದಲ ಮಾತುಕತೆಯಲ್ಲೇ ಹೊರಬರಲಿ.

ಇನ್ನು ಮಾದರಿಗಳಲ್ಲಿ ಸಾಮಾನ್ಯವಾಗಿ ಕಾಣಿಸದ, ಆದರೆ ನಾನು ಬಹಳ ಮುಖ್ಯವೆಂದು ಎಣಿಸುವ ವಿಷಯವೊಂದಿದೆ. ತಂದೆ ತಾಯಿಯ ಹೆಸರು ಬರೆದು ನಿಲ್ಲಿಸಬೇಡಿ. ತಂದೆಯ ತಂದೆ ತಾಯಿ, ತಾಯಿಯ ತಂದೆ ತಾಯಿ, ಅವರ ಮನೆ ಹೆಸರು, ಮೂಲ ಊರು, ಮೂಲ ಧರ್ಮಕೇಂದ್ರ ಇವಿಷ್ಟೂ ಇರಲಿ. ನಮ್ಮ ಕನ್ನಡ ನಾಡಿನಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಬಳಕೆಯಲ್ಲಿರುವುದರಿಂದ ಕೆಲವು ಕ್ರೈಸ್ತ ಮನೆಗಳೂ ಅದನ್ನು ಸಹಜವೆಂದೇ ಭಾವಿಸುತ್ತವೆ. ಆದರೆ 1983ರ ಧರ್ಮಸಭಾ ಕಾನೂನು ಸಂಹಿತೆಯ 1091ನೆಯ ನಿಯಮದಂತೆ ಅಡ್ಡ ಸಾಲಿನ ರಕ್ತಸಂಬಂಧದಲ್ಲಿ ನಾಲ್ಕನೆಯ ಹಂತದವರೆಗೆ ಮದುವೆ ಅಸಿಂಧು. ಮಾವ ಮತ್ತು ಅಕ್ಕನ ಮಗಳು ಮೂರನೆಯ ಹಂತ. ಅತ್ತೆ, ಮಾವ, ಚಿಕ್ಕಪ್ಪ, ದೊಡ್ಡಮ್ಮ ಇವರ ಮಕ್ಕಳು ನಾಲ್ಕನೆಯ ಹಂತ. ನಾಲ್ಕನೆಯದಕ್ಕೆ ಧರ್ಮಾಧ್ಯಕ್ಷರು (ಬಿಷಪ್) ಸಕಾರಣವಿದ್ದರೆ ವಿನಾಯಿತಿ ಕೊಡಬಹುದು. ಮೂರನೆಯದಕ್ಕೆ ಸಿಗುವುದು ಬಹಳ ವಿರಳ. ಮುಂದಿನ ತಲೆಮಾರಿನ, ಅಂದರೆ ಅಣ್ಣ ತಮ್ಮಂದಿರಾಗಿದ್ದ ಅಜ್ಜಂದಿರ ಮೊಮ್ಮಕ್ಕಳಿಗೆ ಈ ತಡೆ ಇಲ್ಲ. ಕೊಡಗಿನ ಕಥೋಲಿಕರು ಸಂಖ್ಯೆಯಲ್ಲಿ ಕಡಿಮೆ, ಮಂಗಳೂರು ಮತ್ತು ಕಣ್ಣೂರಿನ ಕಡೆಗೆ ನೆಂಟಸ್ತಿಕೆಯ ಬೇರುಗಳು ಹೆಚ್ಚು. ಎರಡು ಬಯೋಡೇಟಾಗಳನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ಇಂಥದ್ದು ಕಾಣಿಸಿಬಿಟ್ಟರೆ ಒಳ್ಳೆಯದಲ್ಲವೇ?

ಹೆಸರಿನ ಬಗ್ಗೆಯೂ ಒಂದು ಮಾತು. ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಇನಿಷಿಯಲ್ ತಿರುಗಿಸಿದ ಮತ್ತೊಂದು ಹೆಸರು ಇರುವ ಮಕ್ಕಳು ನಮ್ಮಲ್ಲಿ ಬಹಳ. ಬಯೋಡೇಟಾದಲ್ಲಿ ಅಂಕಪಟ್ಟಿಯ ಹೆಸರನ್ನು ಬರೆದು, ಪಕ್ಕದಲ್ಲಿ ದೀಕ್ಷಾಸ್ನಾನದ ಹೆಸರನ್ನೂ ತಿಳಿಸಿ. ಇದರ ಜೊತೆಗೆ, ಸಂಬಂಧ ಒಂದು ಹಂತಕ್ಕೆ ಬಂದ ಕೂಡಲೇ ಧರ್ಮಕೇಂದ್ರದಿಂದ ಹೊಸದಾಗಿ ದೀಕ್ಷಾಸ್ನಾನದ ಪ್ರಮಾಣಪತ್ರ ಪಡೆಯಿರಿ. ಸಾಮಾನ್ಯವಾಗಿ ಆರು ತಿಂಗಳೊಳಗಿನದನ್ನೇ ಕೇಳುತ್ತಾರೆ. ಯಾರಿಗಾದರೂ ಮದುವೆಯಾದರೆ ಅದನ್ನು ಅವರ ದೀಕ್ಷಾಸ್ನಾನದ ದಾಖಲೆಯ ಪಕ್ಕದಲ್ಲಿಯೇ ಬರೆದಿಡುವುದು ಧರ್ಮಸಭೆಯ ಕ್ರಮವಾದ್ದರಿಂದ, ವ್ಯಕ್ತಿ ಅವಿವಾಹಿತರೇ ಎಂಬುದು ಆ ಹೊಸ ಪ್ರತಿಯಿಂದ ತಿಳಿಯುತ್ತದೆ. ಮನೆಯ ಕಪಾಟಿನಲ್ಲಿರುವ ಹಳೆಯ ಪ್ರತಿಯಿಂದ ಈ ಕೆಲಸವಾಗದು.

ನಿಶ್ಚಿತಾರ್ಥದ ಮಾತಿಗೆ ಬರುತ್ತೇನೆ. ‘ವೈವಾಹಿಕ ಸ್ಥಿತಿ: ಅವಿವಾಹಿತೆ’ ಎಂದು ಬರೆಯುವುದರಲ್ಲಿ ಸುಳ್ಳೇನೂ ಇಲ್ಲ. ಮದುವೆಯಾಗುವೆನೆಂಬ ವಾಗ್ದಾನದ ಬಲದಿಂದ ಯಾರನ್ನೂ ಮದುವೆಗೆ ಒತ್ತಾಯಿಸುವಂತಿಲ್ಲ ಎಂದು ಅದೇ ಸಂಹಿತೆಯ 1062ನೆಯ ನಿಯಮ ಹೇಳುತ್ತದೆ. ಅದು ಮದುವೆಯೂ ಅಲ್ಲ, ಮದುವೆಗೆ ತಡೆಯೂ ಅಲ್ಲ. ಹತ್ತಾರು ಮೊಬೈಲ್‌ಗಳಿಗೆ ಹರಿದಾಡುವ ಕಾಗದದಲ್ಲಿ ಅದನ್ನು ಬರೆಯುವ ಅಗತ್ಯವನ್ನು ನಾನು ಕಾಣೆ. ಹಾಗೆಂದು ಮುಚ್ಚಿಡಲೂ ಬಾರದು. ವರನ ಕಡೆಯವರು ಮನೆಗೆ ಬರುವ ಮೊದಲು ನಿಮ್ಮ ಸೋದರಮಾವನಂಥ ಹಿರಿಯರೊಬ್ಬರು ದೂರವಾಣಿಯಲ್ಲಿ ಎರಡು ವಾಕ್ಯಗಳಲ್ಲಿ ತಿಳಿಸಲಿ. ವಿರಾಜಪೇಟೆಯಂಥ ಊರಿನಲ್ಲಿ ನೀವು ಹೇಳದಿದ್ದರೆ ಬೇರೆಯವರು ಹೇಳುತ್ತಾರೆ, ಅದೂ ಬಣ್ಣ ಕಟ್ಟಿ.

ತೋಟದ ಬಗ್ಗೆ ನಿಮ್ಮ ಅನಿಸಿಕೆಯೇ ಸರಿ. ಬೆಂಗಳೂರಿನವರಿಗೆ ಕೊಡಗು ಎಂದೊಡನೆ ಬಂಗಲೆ, ಜೀಪು, ನೂರಾರು ಎಕರೆ ತೋಟ ಕಣ್ಣಿಗೆ ಬರುತ್ತವೆ. ‘ಚಿಕ್ಕಪ್ಪನವರೊಂದಿಗೆ ಜಂಟಿಯಾಗಿ ಎರಡು ಎಕರೆ ಕಾಫಿ ತೋಟವಿದೆ’ ಎಂದು ಪಹಣಿಯಲ್ಲಿರುವಂತೆಯೇ ಬರೆದುಬಿಡಿ.

ಉತ್ತರ: ಸಿದ್ದಾಪುರದ ಸಿಸ್ಟರ್ (ಕನ್ಯಾಸ್ತ್ರೀ ಅಲ್ಲ, ಆಸ್ಪತ್ರೆಯ ಸಿಸ್ಟರ್)

ಹಿರಿಯರು ಧರ್ಮಸಭೆಯ ಕಡೆಯಿಂದ ಎಲ್ಲವನ್ನೂ ವಿವರವಾಗಿ ಹೇಳಿದ್ದಾರೆ. ನಾನೂ ಅದೇ ವೃತ್ತಿಯವಳಾದ್ದರಿಂದ ಉದ್ಯೋಗದ ಭಾಗದ ಬಗ್ಗೆ ಹೇಳುತ್ತೇನೆ, ಅಣ್ಣ.

ನರ್ಸ್ ಆಗಿರುವ ಹುಡುಗಿಯ ಬಯೋಡೇಟಾ ಕೈಗೆ ಬಂದ ತಕ್ಷಣ ಕೆಲವು ಮನೆಗಳು ನೋಡುವುದು ಅವಳು ಯಾವ ದೇಶಕ್ಕೆ ಹೋಗಬಲ್ಲಳು ಎಂಬುದನ್ನು. ಹೆಂಡತಿಯ ವೀಸಾದ ಮೇಲೆ ತಾವೂ ಹೋಗಬಹುದೆಂಬ ಲೆಕ್ಕಾಚಾರದ ವರರೂ ಇದ್ದಾರೆ; ಇನ್ನೊಂದು ಕಡೆ, ಮದುವೆಯಾದ ಮೇಲೆ ಕೆಲಸ ಬಿಟ್ಟು ತೋಟದ ಮನೆಯಲ್ಲಿ ಅತ್ತೆ ಮಾವನ ಜೊತೆಗಿರಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿದವರೂ ಇದ್ದಾರೆ. ಇಬ್ಬರೂ ಒಂದೇ ಬಯೋಡೇಟಾವನ್ನು ಮೆಚ್ಚಿಕೊಂಡು ಮನೆಗೆ ಬರುತ್ತಾರೆ. ಆದ್ದರಿಂದ ‘ಸ್ಟಾಫ್ ನರ್ಸ್’ ಎಂದು ಬರೆದು ಬಿಡದೆ, ಅವಳ ಇಚ್ಛೆ ಏನು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ. ಬ್ರಿಟನ್ನಿಗೆ ಹೋಗಲು ಓಇಟಿ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಓದುತ್ತಿದ್ದರೆ ಅದನ್ನು ಬರೆಯಿರಿ. ಕೊಲ್ಲಿ ರಾಷ್ಟ್ರಗಳಿಗಾಗಿ ಪ್ರೊಮೆಟ್ರಿಕ್ ಎಂಬ ಪರವಾನಗಿ ಪರೀಕ್ಷೆ ಬರೆದಿದ್ದರೆ ಅದನ್ನೂ ಬರೆಯಿರಿ. ಹೊರದೇಶದ ಯೋಚನೆಯೇ ಇಲ್ಲವೆಂದಾದರೆ ‘ಕರ್ನಾಟಕದಲ್ಲಿಯೇ ಉದ್ಯೋಗ ಮುಂದುವರಿಸುವ ಇಚ್ಛೆ’ ಎಂದು ಸ್ಪಷ್ಟಪಡಿಸಿ. ರಾತ್ರಿ ಪಾಳಿ ಇರುವುದನ್ನು ಬರೆಯಲೂ ಸಂಕೋಚ ಬೇಡ. ಅದನ್ನು ಒಪ್ಪದವರು ಆರಂಭದಲ್ಲೇ ದೂರ ಉಳಿಯಲಿ.

ಈ ಭಾಗವನ್ನು ನೀವು ಬರೆಯಬೇಡಿ, ತಂಗಿಯ ಕೈಯಲ್ಲೇ ಬರೆಸಿ. ಅಣ್ಣಂದಿರು ಬರೆದ ಬಯೋಡೇಟಾಗಳಲ್ಲಿ ಹುಡುಗಿಯರೆಲ್ಲರೂ ‘ಮನೆಗೆಲಸ ಬಲ್ಲವಳು, ಮೃದು ಸ್ವಭಾವದವಳು’ ಆಗಿಬಿಡುತ್ತಾರೆ. ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವವಳ ಸ್ವಭಾವ ಬರೀ ಮೃದುವಾಗಿದ್ದರೆ ರೋಗಿಗಳ ಗತಿಯೇನು! ಅವಳು ಗಾಯನವೃಂದದಲ್ಲಿ ಹಾಡುತ್ತಾಳೆಯೇ, ಯುವಜನರ ಸಂಘದಲ್ಲಿ ಇದ್ದಳೇ, ಏನು ಓದುತ್ತಾಳೆ ಎಂಬಂಥ ವಿವರ ಒಂದಿದ್ದರೆ ಅಷ್ಟೇ ಸಾಕು.

ಉತ್ತರ: ಬಾಸೆಲ್ ಮಿಷನ್ ಮೊಮ್ಮಗ

ನಾನು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರೊಟೆಸ್ಟಂಟ್) ಸಭೆಯವನು, 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು ಕೊಡಗಿಗೆ ಬಂದು ಆನಂದಪುರದಲ್ಲಿ ಕಟ್ಟಿದ ಸಭೆಯ ಕುಟುಂಬಗಳಲ್ಲಿ ನಮ್ಮದೂ ಒಂದು. ನಮ್ಮ ಕಡೆಯಿಂದಲೂ ಸಂಬಂಧಗಳನ್ನು ನೋಡುವ ಉದ್ದೇಶ ನಿಮಗಿದೆಯೇ ಎಂಬುದನ್ನು ಪ್ರಶ್ನೆಯಲ್ಲಿ ಹೇಳಿಲ್ಲ. ಅದನ್ನು ಮನೆಯಲ್ಲಿ ಮೊದಲು ತೀರ್ಮಾನಿಸಿಕೊಂಡು ಬಯೋಡೇಟಾದಲ್ಲಿ ಒಂದು ಸಾಲು ಬರೆಯುವುದು ಒಳ್ಳೆಯದು. ಕಥೋಲಿಕರು ಸಿ.ಎಸ್.ಐ. ಸಭೆಯವರನ್ನು ಮದುವೆಯಾಗಬೇಕಾದರೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಮಕ್ಕಳಿಗೆ ಕಥೋಲಿಕ ಧರ್ಮಸಭೆಯಲ್ಲಿಯೇ ದೀಕ್ಷಾಸ್ನಾನ ಕೊಡಿಸಲು ತನ್ನಿಂದಾದ ಪ್ರಯತ್ನವನ್ನೆಲ್ಲ ಮಾಡುವೆನೆಂದು ಕಥೋಲಿಕ ವಧು ಮಾತು ಕೊಡಬೇಕಾಗುತ್ತದೆ, ಆ ಮಾತಿನ ವಿಷಯವನ್ನು ವರನಿಗೂ ತಿಳಿಸಲಾಗುತ್ತದೆ. ನಮ್ಮ ಸಭೆಯ ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹೂ ಹಣ್ಣು ಹಿಡಿದು ಬಂದ ಮೇಲೆ ಈ ಮಾತು ಎದ್ದರೆ ಎರಡೂ ಕಡೆಯವರಿಗೆ ಮುಜುಗರ.

ಹಿರಿಯರ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ನಿಶ್ಚಿತಾರ್ಥದ ವಿಷಯವನ್ನು ಹಿರಿಯರೊಬ್ಬರು ದೂರವಾಣಿಯಲ್ಲಿ ಹೇಳಲಿ ಎಂದರು. ಹಾಗೆ ಹೇಳಿದ್ದು ವರನ ತಂದೆಯ ಕಿವಿಗೆ ಬಿದ್ದು ಅಲ್ಲಿಯೇ ಉಳಿದುಬಿಡುತ್ತದೆ. ಮದುವೆಯಾಗುವ ಹುಡುಗನಿಗೆ ತಲುಪುವುದೇ ಇಲ್ಲ. ಹುಡುಗ ಹುಡುಗಿ ಮೊದಲ ಬಾರಿ ಮಾತನಾಡುವಾಗ ತಂಗಿಯೇ ಅದನ್ನು ಹೇಳುವುದು ಉತ್ತಮ. ಆರೋಗ್ಯದ ವಿಷಯವೂ ಹಾಗೆಯೇ. ರಕ್ತದ ಗುಂಪನ್ನು ಮಾತ್ರ ಬರೆದು, ದೀರ್ಘಕಾಲದ ಕಾಯಿಲೆಯಿದ್ದರೆ ಅದನ್ನು ಬಾಯಿಮಾತಿನಲ್ಲಿಯೂ ಹೇಳದೆ ಬಿಡುವವರಿದ್ದಾರೆ. ಅದೇನೂ ಇಲ್ಲದಿದ್ದರೆ ಸಂತೋಷ.

ಹಾಗೆಯೇ ವರನ ಬಯೋಡೇಟಾ ಬಂದಾಗ ‘ಅಭ್ಯಾಸಗಳು’ ಎಂಬ ಜಾಗವನ್ನು ಗಮನಿಸಿ. ನಮ್ಮ ಜಿಲ್ಲೆಯಲ್ಲಿ ‘ಸಮಾರಂಭಗಳಲ್ಲಿ ಮಾತ್ರ’ ಎಂದು ಬರೆದಿದ್ದರೆ, ವರ್ಷದಲ್ಲಿ ಎಷ್ಟು ಸಮಾರಂಭಗಳಿಗೆ ಹೋಗುತ್ತಾರೆ ಎಂದು ಕೇಳುವುದು ತಪ್ಪಲ್ಲ.

ಉತ್ತರ: ಮಡಿಕೇರಿ ಹಿರಿಯರು

ತಂಗಿಯೇ ಹೇಳಬೇಕೆಂಬ ಮಾತನ್ನು ಒಪ್ಪುತ್ತೇನೆ. ಹಿರಿಯರ ಕರೆಯೂ ಇರಲಿ, ಅವಳ ಮಾತೂ ಇರಲಿ. ಆರೋಗ್ಯದ ಬಗ್ಗೆ ಒಂದು ಅಂಶ ಸೇರಿಸುತ್ತೇನೆ. ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಗುಣವೊಂದನ್ನು, ಒಪ್ಪಿಗೆ ಪಡೆಯುವ ಸಲುವಾಗಿಯೇ ಮೋಸದಿಂದ ಮರೆಮಾಚಿದ್ದರೆ ಆ ಮದುವೆಯೇ ಅಸಿಂಧುವಾಗುತ್ತದೆ ಎಂದು ಅದೇ ಸಂಹಿತೆಯ 1098ನೆಯ ನಿಯಮ ಹೇಳುತ್ತದೆ.

ಮರುಮದುವೆಯ ವರರ ಬಯೋಡೇಟಾಗಳೂ ಬರಬಹುದಾದ್ದರಿಂದ ಇದನ್ನೂ ತಿಳಿದಿರಿ: ಹಿಂದಿನ ಮದುವೆಯನ್ನು ಧರ್ಮಸಭೆಯ ನ್ಯಾಯಮಂಡಳಿ ಅಸಿಂಧುವೆಂದು ಘೋಷಿಸಿದ್ದರೂ ಅಷ್ಟರಿಂದಲೇ ನೆಲದ ಕಾನೂನಿನಲ್ಲಿ ಆ ಮದುವೆ ಕೊನೆಗೊಳ್ಳುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಸಿವಿಲ್ ನ್ಯಾಯಾಲಯದ ತೀರ್ಪಿನ ಪ್ರತಿ, ಧರ್ಮಸಭೆಯ ತೀರ್ಪಿನ ಪ್ರತಿ ಎರಡನ್ನೂ ನೋಡದೆ ಮುಂದುವರಿಯಬೇಡಿ.

ಉತ್ತರ: ಕುಶಾಲನಗರದ ಅಕ್ಕ

ಫೋಟೋ ಮತ್ತು ದೂರವಾಣಿ ಸಂಖ್ಯೆಯ ಬಗ್ಗೆ ಯಾರೂ ಹೇಳಲಿಲ್ಲ. ಬಯೋಡೇಟಾದಲ್ಲಿ ತಂಗಿಯ ಸಂಖ್ಯೆ ಬೇಡ, ನಿಮ್ಮದು ಅಥವಾ ತಾಯಿಯದು ಇರಲಿ. ಜನ್ಮದಿನಾಂಕ ಬೇಕು, ಆದರೆ ಆಧಾರ್ ಸಂಖ್ಯೆ, ಮೈಸೂರಿನ ವಾಸದ ವಿಳಾಸ, ಆಸ್ಪತ್ರೆಯ ಪಾಳಿಯ ವೇಳೆ ಇವು ಯಾವುವೂ ಬೇಡ. ಒಮ್ಮೆ ವಾಟ್ಸ್ಯಾಪ್ ಗುಂಪಿಗೆ ಹೋದ ಕಾಗದ ಎಲ್ಲಿಗೆ ತಲುಪುತ್ತದೆ ಎಂಬುದು ಯಾರ ಹಿಡಿತದಲ್ಲಿಯೂ ಇರುವುದಿಲ್ಲ. ಫೋಟೋವನ್ನು ಬೇರೆಯಾಗಿಯೇ ಇಟ್ಟುಕೊಂಡು ಕೇಳಿದವರಿಗೆ ಮಾತ್ರ ಕಳುಹಿಸಿ. ಸ್ಟುಡಿಯೋದಲ್ಲಿ ಮುಖ ಬೆಳ್ಳಗೆ ಮಾಡಿಸಿದ ಫೋಟೋ ಬೇಡವೇ ಬೇಡ. ಮೈಬಣ್ಣ ಎಂಬ ಸಾಲನ್ನೂ ಅಳಿಸಿಹಾಕಿ. ‘ನಿರೀಕ್ಷೆಗಳು’ ಎಂಬಲ್ಲಿ ವರದಕ್ಷಿಣೆ ಕೊಡುವುದಿಲ್ಲ ಎಂದು ನೇರವಾಗಿ ಬರೆಯಬಹುದು. 1961ರಿಂದ ಕೇಳುವುದೂ ಕೊಡುವುದೂ ಅಪರಾಧವೇ ಆಗಿರುವಾಗ ಸಂಕೋಚ ಏಕೆ?

ಇನ್ನೊಂದು, ಕಾಲದ ವಿಷಯ. ಜನವರಿ, ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲಿನ ಗಡಿಬಿಡಿಯಲ್ಲಿ ತೋಟದ ಮನೆಯವರಿಗೆ ಬಯೋಡೇಟಾ ತೆರೆದು ನೋಡಲೂ ಪುರುಸೊತ್ತು ಇರುವುದಿಲ್ಲ. ಆಮೇಲೆ ತಪಸ್ಸು ಕಾಲ (ಪಾಸ್ಕ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು) ಬರುತ್ತದೆ, ಆಗ ಸಾಮಾನ್ಯವಾಗಿ ಮದುವೆಗಳನ್ನು ಇಟ್ಟುಕೊಳ್ಳುವುದಿಲ್ಲ. ತಪಸ್ಸು ಕಾಲದಲ್ಲಿ ವಿಚಾರಣೆ ಮುಗಿಸಿ, ಪಾಸ್ಕ ಹಬ್ಬದ ನಂತರ ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಂಡರೆ ಅನುಕೂಲ. ಜೂನ್ ಬಂದರೆ ನಮ್ಮ ಮಳೆಯಲ್ಲಿ ಹೊರಗಿನ ನೆಂಟರು ಘಟ್ಟ ಹತ್ತಲು ಹಿಂಜರಿಯುತ್ತಾರೆ.

ಪ್ರಶ್ನೆ ಕೇಳಿದವರು: ವಿರಾಜಪೇಟೆಯ ಅಣ್ಣ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಉದ್ಯೋಗದ ಭಾಗವನ್ನು ತಂಗಿಯೇ ಬರೆದು ಕಳುಹಿಸಿದ್ದಾಳೆ. ಹೊರದೇಶದ ಯೋಚನೆ ಸದ್ಯಕ್ಕಿಲ್ಲ ಎಂದಿದ್ದಾಳೆ. ಬೇರೆ ಸಭೆಯ ಸಂಬಂಧಗಳ ಬಗ್ಗೆ ತಾಯಿಯೊಂದಿಗೆ ಮಾತನಾಡಿದ್ದೇನೆ; ಸದ್ಯಕ್ಕೆ ಕಥೋಲಿಕರನ್ನೇ, ಆದರೆ ವಿಧಿ ಯಾವುದಾದರೂ ಸರಿ ಎಂದು ನಿರ್ಧಾರವಾಗಿದೆ. ಕುಟುಂಬದ ಭಾಗವನ್ನು ಹೀಗೆ ಬರೆದಿದ್ದೇನೆ, ದಯವಿಟ್ಟು ನೋಡಿ:

‘ರೋಮನ್ ಕಥೋಲಿಕ, ಲ್ಯಾಟಿನ್ ವಿಧಿ. ತಂದೆಯ ಕಡೆಯವರು ಮಂಗಳೂರು ಮೂಲದವರು, ತಾಯಿಯ ಕಡೆಯವರು ಇರಿಟ್ಟಿಯ ಸೀರೋ ಮಲಬಾರ್ ಕುಟುಂಬದವರು. ಅಜ್ಜ ಅಜ್ಜಿಯರ ವಿವರ ಕೆಳಗಿದೆ. ಮಾತೃಭಾಷೆ ಕೊಂಕಣಿ. ತಂದೆ ದಿವಂಗತರು, ತಾಯಿ ಗೃಹಿಣಿ, ಅಣ್ಣ ಒಬ್ಬ, ಖಾಸಗಿ ಉದ್ಯೋಗಿ. ಚಿಕ್ಕಪ್ಪನವರೊಂದಿಗೆ ಜಂಟಿಯಾಗಿ ಎರಡು ಎಕರೆ ಕಾಫಿ ತೋಟವಿದೆ. ವಧುವಿನ ವೈವಾಹಿಕ ಸ್ಥಿತಿ: ಅವಿವಾಹಿತೆ. ವಿಧಿ ಯಾವುದಾದರೂ ಆಗಬಹುದಾದ ಕಥೋಲಿಕ ವರನ ನಿರೀಕ್ಷೆಯಲ್ಲಿದ್ದೇವೆ.’

ಉತ್ತರ: ಸಿದ್ದಾಪುರದ ಸಿಸ್ಟರ್

ಒಂದೇ ತಿದ್ದುಪಡಿ, ಅಣ್ಣ. ‘ಮಾತೃಭಾಷೆ ಕೊಂಕಣಿ’ ಎಂದು ಓದಿದ ಮಂಗಳೂರಿನ ಅತ್ತೆಯವರು ಮೊದಲ ದಿನವೇ ಕೊಂಕಣಿಯಲ್ಲಿ ಮಾತು ಆರಂಭಿಸುತ್ತಾರೆ, ತಂಗಿ ಉತ್ತರ ಹೇಳಲು ತಡವರಿಸುತ್ತಾಳೆ. ‘ಮನೆಮಾತು ಕನ್ನಡ, ಕೊಂಕಣಿ ಅರ್ಥವಾಗುತ್ತದೆ’ ಎಂದು ಬದಲಾಯಿಸಿ. ಅವಳಿಗೆ ಮಲಯಾಳ ಬರುವುದಾದರೆ ಅದನ್ನೂ ಅಲ್ಲಿಯೇ ಸೇರಿಸಿ. ಉಳಿದದ್ದು ಹೀಗೆಯೇ ಇರಲಿ, ಕಳುಹಿಸಲು ಅಡ್ಡಿಯಿಲ್ಲ.